ಗುರಿಕಾರರಿಗೊಂದು ಪ್ರಶ್ನೆ: ಕಾಯಿಲೆ ಹರಡಿದಾಗ ನಿಮ್ಮ ಚರ್ಚಿನಲ್ಲಿ ಏನು ಮಾಡಿದಿರಿ?

ಪ್ರಶ್ನೆ (ಮಂಗಳೂರು ಹತ್ತಿರದ ಹೊಸ ಗುರಿಕಾರ)

ಈ ವರ್ಷ ನನ್ನನ್ನು ವಾಳೆಯ (ಚರ್ಚಿನ ಒಂದು ವಾರ್ಡಿನ) ಗುರಿಕಾರ, ಅಂದರೆ ಮುಖಂಡ, ಮಾಡಿದ್ದಾರೆ. ಮಳೆ ಶುರುವಾದ ಮೇಲೆ ನಮ್ಮಲ್ಲಿ ಡೆಂಗಿ ಕಾಣಿಸಿಕೊಂಡಿದೆ. "ಕೊರೊನಾ ಸಮಯದಲ್ಲಿ ಬೇರೆ ಚರ್ಚುಗಳಲ್ಲಿ ಏನು ಕೆಲಸಕ್ಕೆ ಬಂತು ಅಂತ ಕೇಳಿ, ನಾವೂ ಏನಾದರೂ ಮಾಡೋಣ" ಎಂದು ಫಾದರ್ ಚರ್ಚಿನ ಪಾಲನಾ ಮಂಡಳಿಯಲ್ಲಿ ಹೇಳಿದರು. ಇಲ್ಲಿ ಮನೆಗಳು ದೂರ ದೂರ. ವಯಸ್ಸಾದವರೇ ಜಾಸ್ತಿ, ಮಕ್ಕಳೆಲ್ಲ ಗಲ್ಫ್, ಬೆಂಗಳೂರು. ಅನುಭವ ಇದ್ದವರು ಹೇಳಿ.

ಉಡುಪಿ ಕಡೆಯ ಹಳೇ ಗುರಿಕಾರ

ಮೊದಲು ಪಟ್ಟಿ ಮಾಡಿ. ನಿಮ್ಮ ಹತ್ತಿರ ಇರುವ ವಾಳೆಯ ಪುಸ್ತಕದಲ್ಲಿ ಯಜಮಾನರ ಹೆಸರು, ವಂತಿಗೆ ಬಾಕಿ ಇರುತ್ತದೆ, ಅಷ್ಟೇ ಅಲ್ವಾ? ಅದು ಸಾಲದು. ಯಾರು ಒಬ್ಬರೇ ಇದ್ದಾರೆ, ಯಾರಿಗೆ ಶುಗರ್ ಮಾತ್ರೆ, ಯಾರಿಗೆ ಡಯಾಲಿಸಿಸ್, ದುಬೈ ಮಗನ ನಂಬರ್ ಯಾವುದು, ಪಕ್ಕದ ಮನೆಯವರು ಯಾರು, ಇದೆಲ್ಲ ಬರೆದಿಡಿ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಆದಾಗ ಅಕ್ಕಿಗೆ ಅಷ್ಟು ಕಷ್ಟ ಆಗಲಿಲ್ಲ, ರೇಷನ್ ಬಂತು. ಕಷ್ಟ ಆದದ್ದು ಮಾತ್ರೆಗೆ. ಮೆಡಿಕಲ್ ಇರುವುದು ಪೇಟೆಯಲ್ಲಿ, ಬಸ್ಸಿಲ್ಲ. ಐಸಿವೈಎಂ (ಚರ್ಚಿನ ಯುವ ಸಂಘಟನೆ) ಹುಡುಗರು ಚೀಟಿ ಒಟ್ಟು ಮಾಡಿ ಬೈಕಿನಲ್ಲಿ ಹೋಗಿ ತಂದುಕೊಟ್ಟರು.

ಇನ್ನೊಂದು ವಿಷಯ, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಈಸ್ಟರ್ ಕಳೆದ ಮೇಲೆ ನಮ್ಮಲ್ಲಿ ಮದುವೆಯ ಕಾಲ. ಆ ವರ್ಷ ಮದುವೆಗಳೇ ನಿಂತವು. ಬ್ಯಾಂಡಿನವರು, ಅಡುಗೆಯವರು, ಹಾಲ್ ಅಲಂಕಾರ ಮಾಡುವವರು, ರಿಕ್ಷಾದವರು ಎಲ್ಲ ಮನೆಯಲ್ಲಿ. ಇವರು ಕೈಚಾಚುವ ಜನ ಅಲ್ಲ. ಕಿಟ್ ಕೊಟ್ಟು ಫೋಟೊ ಹೊಡೆದರೆ ಮರುದಿನ ಬಾಗಿಲು ಹಾಕಿಕೊಳ್ಳುತ್ತಾರೆ. ನಾವು ಊರಿನ ಅಂಗಡಿಯಲ್ಲಿ ಅವರ ಲೆಕ್ಕದ ಬಾಕಿ ತೀರಿಸಿ ಸುಮ್ಮನಿದ್ದೆವು. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರನ್ನು ಕೇಳಿ, ಸದ್ದಿಲ್ಲದೆ ಕೊಡುವುದು ಅವರಿಗೆ ಗೊತ್ತು. ಪ್ಯಾರಿಸ್‌ನಲ್ಲಿ ಕಾಲರಾ ಬಂದ ಮರುವರ್ಷ, 1833ರಲ್ಲಿ ಹುಟ್ಟಿದ ಸಭೆ ಅದು. ಮನೆ ಮನೆಗೆ ಹೋಗುವುದೇ ಅವರ ಮೊದಲ ಕೆಲಸ. ಅಂದ ಹಾಗೆ, ಪಟ್ಟಿಯಲ್ಲಿ ಬೇರೆ ಧರ್ಮದ ನೆರೆಮನೆಗಳನ್ನೂ ಸೇರಿಸಿ. ಸೊಳ್ಳೆ ಚರ್ಚಿನ ರಿಜಿಸ್ಟರ್ ನೋಡಿ ಕಚ್ಚುವುದಿಲ್ಲ.

ತೇರ್ಸನ್ನು (ಜಪಮಾಲೆ ಪ್ರಾರ್ಥನೆ) ಫೋನಿನಲ್ಲಿ ಮಾಡಿದೆವು. ಸಂಜೆ ಎಲ್ಲರೂ ಒಂದೇ ಕಾಲ್‌ನಲ್ಲಿ. ಭಕ್ತಿ ಒಂದು ಕಡೆ, ಹಾಜರಿಯೂ ಗೊತ್ತಾಗುತ್ತಿತ್ತು. ಲೈನಿಗೆ ಬಾರದವರ ಮನೆಗೆ ಯಾರಾದರೂ ಹೋಗಿ ನೋಡಿ ಬರುತ್ತಿದ್ದರು.

ನರ್ಸ್, ಮಂಗಳೂರು

ಕೊರೊನಾ ಪಾಠವನ್ನು ಡೆಂಗಿಗೆ ಹಾಗೇ ಅಂಟಿಸಬೇಡಿ. ಇದು ಮುಟ್ಟಿದರೆ ಬರುವ ಕಾಯಿಲೆ ಅಲ್ಲ. ಪೂಜೆ ನಿಲ್ಲಿಸಬೇಕಿಲ್ಲ, ರೋಗಿಯ ಮನೆಗೆ ಧಾರಾಳವಾಗಿ ಹೋಗಿ. ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಅದಕ್ಕೇ ವಾರಕ್ಕೊಮ್ಮೆ ನೀರು ಚೆಲ್ಲಬೇಕು ಅನ್ನುವುದು.

ನಿಮ್ಮ ಸಿಮೆಟರಿಗೆ ಒಮ್ಮೆ ಹೋಗಿ ನೋಡಿ. ಗೋರಿಗಳ ಮೇಲಿನ ಹೂದಾನಿ, ಮೇಣದಬತ್ತಿ ಇಡುವ ಗಾಜಿನ ಲೋಟ, ಬಿಸಾಡಿದ ಪ್ಲಾಸ್ಟಿಕ್ ಕಪ್, ಎಲ್ಲದರಲ್ಲೂ ಮಳೆನೀರು. ಎಲ್ಲರೂ ಮನೆಯಂಗಳ ತೊಳೆಯುತ್ತಾರೆ, ಅಲ್ಲಿಗೆ ಸತ್ತವರನ್ನು ನೆನೆಯುವ ನವೆಂಬರ್ 2ರ ಹತ್ತಿರ ಮಾತ್ರ ಹೋಗುತ್ತಾರೆ. ಹೂದಾನಿಗೆ ಮರಳು ತುಂಬಿಸಿ, ಹೂವು ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ.

ಭಾನುವಾರ ಪೂಜೆಯ ಕೊನೆಯ ಪ್ರಕಟಣೆಯಲ್ಲಿ ಫಾದರ್ ಎರಡೇ ಮಾತು ಹೇಳಲಿ. ಒಂದು, ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಐಬುಪ್ರೊಫೆನ್, ಆಸ್ಪಿರಿನ್ ಬೇಡ. ಬೇರೆ ಕಾಯಿಲೆಗೆ ಡಾಕ್ಟರು ಆಸ್ಪಿರಿನ್ ಕೊಟ್ಟಿದ್ದರೆ ಅವರನ್ನೇ ಕೇಳಿ. ಇನ್ನೊಂದು, ಜ್ವರ ಬಿಟ್ಟಿತು ಅಂತ ಮೈಮರೆಯಬೇಡಿ. ಜ್ವರ ಇಳಿಯುವ ಹೊತ್ತಿಗೇ ಕೆಲವರಿಗೆ ಅಪಾಯ ಶುರುವಾಗುತ್ತದೆ. ಜೋರು ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡಿನಲ್ಲಿ ರಕ್ತ, ತುಂಬಾ ಸುಸ್ತು ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ಬೆಳ್ತಂಗಡಿ ಕಡೆಯ ರಬ್ಬರ್ ಬೆಳೆಗಾರ

ತೋಟ ಇದ್ದವರು ರಬ್ಬರ್ ಹಾಲು ಹಿಡಿಯುವ ಚಿಪ್ಪು ಕವುಚಿ ಹಾಕಿ. ಅಡಿಕೆ ಹಾಳೆಯಲ್ಲೂ ನೀರು ನಿಲ್ಲುತ್ತದೆ. ನಮ್ಮ ಸಿರೋ ಮಲಬಾರ್ (ಕೇರಳ ಮೂಲದ ಕಥೋಲಿಕ) ಚರ್ಚಿನಲ್ಲಿ ಕ್ಯಾಟೆಕಿಸಂ (ಧರ್ಮಪಾಠ) ಮಕ್ಕಳಿಗೇ ಈ ಕೆಲಸ ವಹಿಸಿದೆವು. ದೊಡ್ಡವರಿಗಿಂತ ಚೆನ್ನಾಗಿ ಹುಡುಕುತ್ತಾರೆ, ಅಪ್ಪಂದಿರಿಗೆ ಬೈಯುತ್ತಾರೆ ಕೂಡ.

ಪಾಲನಾ ಮಂಡಳಿಯ ಮಾಜಿ ಕಾರ್ಯದರ್ಶಿ

ಡೆಂಗಿಗೆ ಇದು ಬೇಕಾಗುವುದಿಲ್ಲ, ಆದರೆ ಯೋಜನೆ ಬರೆಯುತ್ತಿದ್ದೀರಲ್ಲ, ಅದಕ್ಕೆ ಹೇಳುತ್ತಿದ್ದೇನೆ. 2021ರ ಎರಡನೇ ಅಲೆಯಲ್ಲಿ ನಮಗೆ ಜಾಸ್ತಿ ತಲೆಬಿಸಿಯಾದದ್ದು ಶವಸಂಸ್ಕಾರ. ಪಿಪಿಇ ಹಾಕಿ ಹೊರಲು ಯಾರು ಬರುತ್ತಾರೆ, ಗುಂಡಿ ಯಾರು ತೆಗೆಯುತ್ತಾರೆ, ಪಂಚಾಯಿತಿಯಲ್ಲಿ ಯಾರಿಗೆ ಫೋನ್ ಮಾಡಬೇಕು, ಇದನ್ನೆಲ್ಲ ಸಾವಾದ ಮನೆಯ ಅಂಗಳದಲ್ಲಿ ನಿಂತು ಚರ್ಚೆ ಮಾಡಬಾರದು. ಹೆಸರುಗಳನ್ನು ಮೊದಲೇ ಬರೆದಿಡಿ.

"ಸುಟ್ಟರೆ ಪಾಪ ಅಲ್ವಾ ಫಾದರ್?" ಎಂದು ಅಜ್ಜಿಯಂದಿರು ಅಳುತ್ತಾ ಕೇಳುತ್ತಿದ್ದರು. ಪಾಪ ಅಲ್ಲ. ಹೂಳುವುದೇ ಒಳ್ಳೆಯದು ಎಂದು ಚರ್ಚು ಹೇಳಿದರೂ 1963ರಿಂದ ದಹನಕ್ಕೆ ಒಪ್ಪಿಗೆ ಇದೆ. ಬೂದಿಯನ್ನು ನದಿಗೆ ಬಿಡುವ ಹಾಗಿಲ್ಲ, ಸಿಮೆಟರಿಯಂಥ ಪವಿತ್ರ ಜಾಗದಲ್ಲಿ ಇಡಬೇಕು. ಪಾಪನಿವೇದನೆ (ಫಾದರ್ ಹತ್ತಿರ ಪಾಪ ಹೇಳಿಕೊಳ್ಳುವುದು) ಫೋನಿನಲ್ಲಿ ಆಗುವುದಿಲ್ಲ. ಆದರೆ ಫಾದರ್ ಸಿಗದಿದ್ದರೆ ಮನಸಾರೆ ಪಶ್ಚಾತ್ತಾಪಪಟ್ಟು, ಅವಕಾಶ ಸಿಕ್ಕ ಕೂಡಲೇ ನಿವೇದನೆ ಮಾಡುವ ನಿರ್ಧಾರ ಇದ್ದರೆ ಪಾಪಕ್ಷಮೆ ಇದೆ ಎಂದು ರೋಮ್ 2020ರ ಮಾರ್ಚ್‌ನಲ್ಲೇ ನೆನಪಿಸಿತ್ತು. ಇಂಥದ್ದನ್ನು ಮೊದಲೇ ಹೇಳಿದರೆ ಮನೆಯವರ ಅರ್ಧ ಸಂಕಟ ಕಡಿಮೆಯಾಗುತ್ತದೆ.

ಕುವೈತ್‌ನಿಂದ

ಲಾಕ್‌ಡೌನ್ ಆದ ಮೇಲೆ ದುಬೈಯಿಂದ ಮಂಗಳೂರಿಗೆ ಮೊದಲ ವಿಮಾನ ಹೋದದ್ದೇ 2020ರ ಮೇ 12ಕ್ಕೆ. ಅಲ್ಲಿಯವರೆಗೆ ಅಮ್ಮನಿಗೆ ಜ್ವರ ಅಂದರೆ ನಮಗೆ ಗುರಿಕಾರರೇ ಗತಿ. ಒಂದು ಕೋರಿಕೆ: ಅರ್ಧ ಸುದ್ದಿ ಕಳಿಸಬೇಡಿ. "ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೇವೆ" ಅಂತ ಮೆಸೇಜ್ ಹಾಕಿ ಫೋನ್ ಆಫ್ ಮಾಡಿದರೆ ಇಲ್ಲಿ ನಿದ್ದೆ ಇಲ್ಲ. ದುಡ್ಡು ನಾವು ಕಳಿಸುತ್ತೇವೆ, ಲೆಕ್ಕವನ್ನು ಗ್ರೂಪಿನಲ್ಲಿ ಹಾಕಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ದೇವ್ ಬರೆಂ ಕರುಂ (ದೇವರು ಒಳ್ಳೆಯದು ಮಾಡಲಿ). ಈ ಭಾನುವಾರ ಸಿಮೆಟರಿಯಿಂದಲೇ ಶುರು ಮಾಡುತ್ತೇವೆ. ಸಿಸ್ಟರ್, ಪ್ಲೇಟ್‌ಲೆಟ್ ಕಡಿಮೆಯಾದರೆ ಪಪ್ಪಾಯಿ ಎಲೆಯ ರಸ ಕೊಡಿ ಅಂತ ಇಲ್ಲಿ ಎಲ್ಲರೂ ಹೇಳುತ್ತಾರಲ್ಲ?

ನರ್ಸ್, ಮಂಗಳೂರು

ಅದನ್ನೇ ನಂಬಿ ಆಸ್ಪತ್ರೆಗೆ ತಡ ಮಾಡುವುದು ಬೇಡ. ಕಡಿಮೆಯಾದವರಿಗೆಲ್ಲ ಪ್ಲೇಟ್‌ಲೆಟ್ ಹಾಕುವುದೂ ಇಲ್ಲ, ಡಾಕ್ಟರು ನೋಡಿ ಹೇಳುತ್ತಾರೆ. ಬೇಕು ಅಂದಾಗ ಓಡಾಡುವ ಬದಲು ನಿಮ್ಮ ಯುವಜನರ ರಕ್ತದ ಗುಂಪನ್ನು ಈಗಲೇ ಆ ಪಟ್ಟಿಯಲ್ಲಿ ಬರೆದಿಡಿ.