ಪದಚರ್ಚೆ: ಹೀಬ್ರೂ ‘ಹೆವೆಲ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ವೀ., ಧಾರವಾಡ:

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಾಗಿದೆ, ಅದೂ ನಾಳೆ ಸಂಜೆಯೊಳಗೆ.

ನಮ್ಮ ಚಿತ್ರಕಲಾ ಶಾಲೆಯ ಮಕ್ಕಳು ಹಳೆಯ ಡಚ್ ಚಿತ್ರಗಳನ್ನು ನೋಡಿ ಪ್ರತಿ ಮಾಡಿದ್ದಾರೆ. ಪ್ರದರ್ಶನಕ್ಕೆ ಫಲಕ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ. ಅದರಲ್ಲೊಂದು ಡೇವಿಡ್ ಬೈಲಿ 1651ರಲ್ಲಿ ಬರೆದ ಚಿತ್ರ. ಮೂಲ ಲೈಡನ್ ಊರಿನ ಲಾಕನ್‌ಹಾಲ್ ಮ್ಯೂಸಿಯಂನಲ್ಲಿದೆ. ಮೇಜಿನ ಮೇಲೆ ತಲೆಬುರುಡೆ, ಆರಿದ ಮೇಣದ ಬತ್ತಿ, ಮರಳು ಗಡಿಯಾರ, ಹೂ. ಮೇಲೆ ಗಾಳಿಯಲ್ಲಿ ಸೋಪಿನ ಗುಳ್ಳೆಗಳು. ಮೇಜಿನ ಅಂಚಿನ ಚೀಟಿಯಲ್ಲಿ ಲ್ಯಾಟಿನ್ ಸಾಲು: ‘ವಾನಿಟಾಸ್ ವಾನಿಟಾಟುಮ್ ಎಟ್ ಓಮ್ನಿಯಾ ವಾನಿಟಾಸ್’.

ಇದು ಬೈಬಲಿನ ಪ್ರಸಂಗಿ ಪುಸ್ತಕದ ಮಾತು, ‘ವಾನಿಟಾಸ್’ ಇರುವಲ್ಲಿ ಮೂಲ ಹೀಬ್ರೂ ಪದ ‘ಹೆವೆಲ್’ ಅನ್ನೋವರೆಗೆ ಗೊತ್ತಾಯ್ತು. ನಿಘಂಟು ತೆಗೆದರೆ ಉಸಿರು, ಆವಿ, ಸುಳ್ಳು, ಪೊಳ್ಳು, ವಿಗ್ರಹ ಅಂತ ಸಾಲುಸಾಲು ಅರ್ಥ. ಉಸಿರಿಗೂ ವಿಗ್ರಹಕ್ಕೂ ಎತ್ತಣ ಸಂಬಂಧ? ಫಲಕದಲ್ಲಿ ಜಾಗ ಕಡಿಮೆ. ಒಂದು ಪದ, ಜಾಸ್ತಿ ಅಂದ್ರೆ ಒಂದು ಸಾಲು ಹಿಡಿಸುತ್ತೆ. ಪ್ರಿಂಟಿನವರು ಈಗಾಗಲೇ ಎರಡು ಸಲ ಫೋನ್ ಮಾಡಿದ್ದಾರೆ.

ಕೆ.ಎಸ್., ಮೈಸೂರು:

ವ್ಯರ್ಥ.

‘ವ್ಯರ್ಥವೇ ವ್ಯರ್ಥ, ಸಮಸ್ತವೂ ವ್ಯರ್ಥ’ ಅಂತ ಕನ್ನಡ ಬೈಬಲಿನಲ್ಲೇ ಇದೆ. ಬಳಕೆಯಲ್ಲಿ ನೆಲೆ ನಿಂತ ಪದ ಇರುವಾಗ ಹೊಸದು ಹುಡುಕುವುದೇಕೆ?

ಬ., ಹಾಸನ:

ಯಾಕೆ ಅಂದ್ರೆ ‘ವ್ಯರ್ಥ’ ಕನ್ನಡದ್ದಲ್ಲ. ವಿ, ಅರ್ಥ, ಎರಡೂ ಸಂಸ್ಕೃತ. ಪಾದ್ರಿಗಳು ಪಂಡಿತರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದ ಅನುವಾದದಲ್ಲಿ ಪಂಡಿತರ ನುಡಿಯೇ ತುಂಬಿಕೊಂಡಿದೆ. ‘ಜೊಳ್ಳು’ ಅನ್ನಿ. ‘ಜೊಳ್ಳೇ ಜೊಳ್ಳು, ಎಲ್ಲವೂ ಜೊಳ್ಳು’. ಎಷ್ಟು ಸಲೀಸಾಗಿದೆ ನೋಡಿ.

ಇನ್ನೊಂದು ಮಾತು. ಹೆವೆಲ್ ಅಂದ್ರೆ ಆವಿ ಅಂತೀರಿ. ನಮ್ಮಲ್ಲಿ ಆವಿಗೆ ‘ಹಬೆ’. ಹೆವೆಲ್, ಹಬೆ: ಕಿವಿ ಇದ್ದವರಿಗೆ ಕೇಳಿಸುತ್ತೆ. ವಕಾರ ಬಕಾರ ಆಗೋದು ನಮಗೆ ಹೊಸದಲ್ಲ. ವನ ಬನ ಆಯ್ತು, ವಸತಿ ಬಸದಿ ಆಯ್ತು. ಬೈಬಲಿನ ಅರಸ ಸೊಲೊಮೋನನ ಹಡಗುಗಳು ತಂದ ನವಿಲಿಗೆ ಹೀಬ್ರೂವಿನಲ್ಲಿ ‘ತುಕ್ಕಿ’ ಅಂತ ಹೆಸರು. ಅದು ತಮಿಳಿನ ‘ತೋಕೈ’, ನಮ್ಮ ‘ತೋಕೆ’ ಅಂತ ವಿದ್ವಾಂಸರೇ ಹೇಳಿಲ್ವಾ? ಹಾಗಿರುವಾಗ ಹಬೆ ಯಾಕೆ ಹೋಗಿರಬಾರದು?

ಜೆ., ಮಂಗಳೂರು:

ವೀ. ಅವರೇ, ಪಾದ್ರಿ ಕೆಲಸದ ಓದಿಗೆ ಸೇರಿದಾಗ ಹೀಬ್ರೂ ಕಲಿತವನು ನಾನು. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಉಸಿರಿಗೂ ವಿಗ್ರಹಕ್ಕೂ ಏನು ಸಂಬಂಧ ಅಂತ ಕೇಳಿದ್ರಿ. ಹೆವೆಲ್ ಮೊದಲಿಗೆ ಬಾಯಿಂದ ಬರುವ ಬಿಸಿ ಉಸಿರು, ಆವಿ. ಬೈಬಲಿನ ಯೆಶಾಯ 57:13ರಲ್ಲಿ ಅದು ಗಾಳಿಯ ಜೋಡಿಯಾಗಿ ಬರುತ್ತೆ. ನಿಮ್ಮ ವಿಗ್ರಹಗಳನ್ನೆಲ್ಲ ಗಾಳಿ ಹೊತ್ತೊಯ್ಯುತ್ತೆ, ಹೆವೆಲ್ ಎತ್ತಿಕೊಂಡು ಹೋಗುತ್ತೆ ಅಂತ. ಕೀರ್ತನೆ 62:9ರಲ್ಲಿ ಮನುಷ್ಯರನ್ನೆಲ್ಲ ಒಟ್ಟಿಗೆ ತಕ್ಕಡಿಗೆ ಹಾಕಿದರೂ ತಟ್ಟೆ ಮೇಲಕ್ಕೇ ಏಳುತ್ತೆ. ಅವರು ಹೆವೆಲ್‌ಗಿಂತ ಹಗುರ. ಇಷ್ಟು ಹಗುರವಾದದ್ದನ್ನು ನಂಬಿ ಹೋದವರ ಗತಿ ಏನು? ಯೆರೆಮೀಯ 2:5 ಅದನ್ನೇ ಹೇಳುತ್ತೆ: ಹೆವೆಲ್ ಹಿಂದೆ ಹೋದರು, ತಾವೂ ಹೆವೆಲ್ ಆದರು. ಹೀಬ್ರೂವಿನಲ್ಲಿ ಎರಡನೆಯದು ಅದೇ ಧಾತುವಿನ ಕ್ರಿಯಾಪದ, ‘ಹೆವೆಲಿಸಿದರು’ ಅಂದ ಹಾಗೆ. ಅಲ್ಲಿ ಹೆವೆಲ್ ಅಂದ್ರೆ ವಿಗ್ರಹ. ಬೈಗುಳವಾಗಿ ಬಂದ ಅರ್ಥ ಅದು.

ಈಗ ಪ್ರಸಂಗಿಗೆ ಬರೋಣ. ಹನ್ನೆರಡೇ ಅಧ್ಯಾಯದ ಪುಸ್ತಕದಲ್ಲಿ ಈ ಪದ 38 ಸಲ ಬರುತ್ತೆ. ಎಲ್ಲ ಕಡೆಯೂ ‘ವ್ಯರ್ಥ’ ಅಂತ ಹಾಕಿಕೊಂಡು ಹೋದರೆ ಕೆಲವು ಕಡೆ ಕಾಲು ಸಿಕ್ಕಿಕೊಳ್ಳುತ್ತೆ. 9:9 ನೋಡಿ. ನಿನ್ನ ಹೆವೆಲ್ ಬಾಳಿನ ದಿನವೆಲ್ಲ ಪ್ರೀತಿಯ ಹೆಂಡತಿ ಜತೆ ಸುಖವಾಗಿರು ಅನ್ನುತ್ತಾನೆ. ಬಾಳು ವ್ಯರ್ಥವಾದರೆ ಸುಖಪಡು ಅಂತ ಯಾಕೆ ಹೇಳ್ತಾನೆ? 11:10ರಲ್ಲಿ ಎಳೆತನ, ಹರೆಯ ಎರಡೂ ಹೆವೆಲ್. ಹರೆಯ ದಂಡ ಅಂತಲ್ಲ, ಬೇಗ ಮುಗಿದುಹೋಗುತ್ತೆ ಅಂತ. 8:14ರಲ್ಲಿ ಒಳ್ಳೆಯವರಿಗೆ ಕೆಟ್ಟವರ ಪಾಡು, ಕೆಟ್ಟವರಿಗೆ ಒಳ್ಳೆಯವರ ಫಲ, ಇದೂ ಹೆವೆಲ್. ಅಲ್ಲಿ ತಲೆಬುಡ ತಿಳಿಯದ್ದು ಅನ್ನೋ ಅರ್ಥ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಬರುತ್ತಲ್ಲ, ಹಾಗೆ: ಕಣ್ಣಿಗೆ ಕಾಣುತ್ತೆ, ಕೈಗೆ ಸಿಗಲ್ಲ, ಅದರಾಚೆ ಏನಿದೆ ಅಂತಲೂ ತೋರಲ್ಲ. ಈ ಮೂರು ಗುಣದಲ್ಲಿ ಬೇಕಾದ್ದನ್ನು ಪ್ರಸಂಗಿ ಬೇಕಾದ ಕಡೆ ಮುಂದಕ್ಕೆ ಎಳೆದುಕೊಳ್ಳುತ್ತಾನೆ. ‘ವ್ಯರ್ಥ’ ಅನ್ನೋದು ತೀರ್ಪು. ಹೆವೆಲ್ ಒಂದು ವಸ್ತು. ತೀರ್ಪನ್ನು ಓದುವವರಿಗೇ ಬಿಡುತ್ತೆ.

ಯೆಹೂದಿಗಳ ಧರ್ಮಶಾಸ್ತ್ರ ಗ್ರಂಥ ತಾಲ್ಮುಡ್‌ನಲ್ಲಿ ಷಬ್ಬಾತ್ ಭಾಗ ಅಂತ ಇದೆ. ಸಬ್ಬತ್, ಅಂದ್ರೆ ವಾರದ ವಿಶ್ರಾಂತಿ ದಿನಕ್ಕೆ ಮಾಡಿಟ್ಟ ಅಡುಗೆ ಆರದ ಹಾಗೆ ಪಾತ್ರೆಗೆ ಏನು ಸುತ್ತಬಹುದು, ಏನು ಸುತ್ತಬಾರದು ಅನ್ನೋ ಚರ್ಚೆಯಲ್ಲಿ ‘ಹೆವೆಲ್ ಹೆಚ್ಚಿಸುವ ವಸ್ತು’ ಅಂತ ಬರುತ್ತೆ. ಅಲ್ಲಿ ಅದು ಪಾತ್ರೆಯ ಬಿಸಿ, ಅಷ್ಟೇ. ಅದೇ ಭಾಗದಲ್ಲಿ ಇನ್ನೊಂದು ಮಾತಿದೆ: ಪಾಠಶಾಲೆಯ ಮಕ್ಕಳ ಬಾಯ ಹೆವೆಲ್‌ನಿಂದಲೇ ಈ ಲೋಕ ನಿಂತಿದೆ. ಕೆ.ಎಸ್. ಸರ್, ಇಲ್ಲಿ ‘ವ್ಯರ್ಥ’ ಹಾಕಿ ಓದಿ ನೋಡಿ.

ಹೆಸರಿನ ವಿಷಯ ಬಿಡೋಕಾಗಲ್ಲ. ಆದಿಕಾಂಡದಲ್ಲಿ ಕಾಯಿನ ಕೊಂದ ತಮ್ಮ ಹೇಬೆಲ. ಅವನ ಹೆಸರೂ ಇದೇ ಪದ. ಕಾಯಿನನ ಹೆಸರಿಗೆ ತಾಯಿ ಅರ್ಥ ಹೇಳುತ್ತಾಳೆ, ಇವನದಕ್ಕೆ ಯಾರೂ ಹೇಳಲ್ಲ. ಕಥೆಯಲ್ಲಿ ಅವನ ಬಾಯಿಂದ ಒಂದು ಮಾತೂ ಇಲ್ಲ. ಸತ್ತ ಮೇಲೆ ರಕ್ತ ಕೂಗುತ್ತೆ.

ಬ. ಅವರೇ, ‘ಜೊಳ್ಳು’ ಒಳ್ಳೆಯ ಪದ, ಆದರೆ ಹೊಟ್ಟಿಗೆ ಹೀಬ್ರೂವಿನಲ್ಲಿ ಬೇರೆ ಪದವೇ ಇದೆ, ‘ಮೋಟ್ಸ್’. ಮೊದಲನೇ ಕೀರ್ತನೆಯಲ್ಲಿ ಗಾಳಿ ಹಾರಿಸಿಕೊಂಡು ಹೋಗುವುದು ಅದನ್ನೇ. ಇನ್ನು ಹಬೆ. ಕನ್ನಡದ ಹಕಾರದ ಕಥೆ ನಿಮಗೆ ನಾನು ಹೇಳಬೇಕಾ? ಪಾಲ್ ಹಾಲಾಯ್ತು, ಪುಲಿ ಹುಲಿಯಾಯ್ತು. ಹಬೆ ಅಚ್ಚಗನ್ನಡವೇ ಆದರೆ ಹಿಂದೆ ಅದಕ್ಕೆ ಪಕಾರ ಇರಬೇಕಿತ್ತು. ಹೀಬ್ರೂವಿನ ಹಕಾರ ಮೊದಲಿಂದಲೂ ಹಕಾರವೇ. ಅಚ್ಚಗನ್ನಡ ಅಲ್ಲ ಅಂದ್ರೆ ನಿಮ್ಮ ವಾದವೇ ಬಿತ್ತು. ತುಕ್ಕಿಯ ಮಾತು ಬೇರೆ. ನವಿಲು ಹಡಗಿನಲ್ಲಿ ಬರುತ್ತೆ, ಹೆಸರೂ ಜತೆಗೆ ಬರುತ್ತೆ. ಹಬೆಯನ್ನು ಯಾರು ಹಡಗಿಗೆ ಹೇರುತ್ತಾರೆ? (ಇವತ್ತಿನ ಹೀಬ್ರೂವಿನಲ್ಲಿ ತುಕ್ಕಿ ಅಂದ್ರೆ ಗಿಳಿ, ಸುಮ್ನೆ ಹೇಳಿದೆ.)

ಬ., ಹಾಸನ:

ಹಡಗಿನ ಮಾತು ಚೆನ್ನಾಗಿದೆ, ಉತ್ತರ ಮಾತ್ರ ಆಗಲಿಲ್ಲ. ಇರಲಿ, ಬೇರಿನ ಮಾತು ಬಿಡುತ್ತೇನೆ. ಆದರೆ ಅರ್ಥ ನಾನು ಹೇಳಿದ್ದೇ ಆಯ್ತಲ್ಲ. ಹಬೆ ಅಂತ ನೀವೇ ಒಪ್ಪಿದ್ರಿ. ‘ಹಬೆಯೇ ಹಬೆ, ಎಲ್ಲವೂ ಹಬೆ’ ಅಂತ ಹಾಕಲಿ.

ಕೆ.ಎಸ್., ಮೈಸೂರು:

ಫಲಕ ನೋಡಿದವರು ಹೋಟೆಲ್ ಅಂದುಕೊಳ್ಳುತ್ತಾರೆ.

ಜೆ. ಅವರ ತಾಲ್ಮುಡ್ ಉದಾಹರಣೆ ಸರಿ, ಒಪ್ಪಿದೆ. ಆದರೆ ಅದು ಪ್ರಸಂಗಿಗಿಂತ ನೂರಾರು ವರ್ಷ ಈಚಿನದು. ಹೇಬೆಲನ ಹೆಸರನ್ನು ಪುರಾತನ ಮೆಸೊಪೊಟೇಮಿಯಾದ ಅಕ್ಕಾಡಿಯನ್ ಭಾಷೆಯ ‘ಅಪ್ಲು’, ಅಂದ್ರೆ ಮಗ, ಅನ್ನೋದಕ್ಕೆ ಜೋಡಿಸುವವರೂ ಇದ್ದಾರೆ. ಹೆಸರಿನ ಮೇಲೆ ಅಷ್ಟೊಂದು ಭಾರ ಹಾಕಬೇಡಿ.

ಇನ್ನು ಸಂಸ್ಕೃತದ ಮೇಲಿನ ಸಿಟ್ಟು. ‘ಅರ್ಥ’ ಬೇಡ ಅನ್ನುವವರು ನಿನ್ನೆ ಇದೇ ಪಟ್ಟಿಯಲ್ಲಿ ‘ಅರ್ಥವಾಗಲಿಲ್ಲ’ ಅಂತ ಬರೆದಿದ್ದರು.

ಬ., ಹಾಸನ:

‘ತಿಳಿಯಲಿಲ್ಲ’ ಅಂತ ಓದಿಕೊಳ್ಳಿ. ಬಾಯಿಗೆ ರೂಢಿಯಾದದ್ದೆಲ್ಲ ಸರಿ ಅಂತಲ್ಲ. ಹೀಬ್ರೂವಿನವರು ತಮ್ಮ ದೇವರ ಪುಸ್ತಕಕ್ಕೆ ಬೇರೆಯವರ ಪದ ತಂದು ತುಂಬಿದ್ರಾ? ತಮ್ಮ ಉಸಿರು ತಮ್ಮ ಪದದಲ್ಲೇ ಇಟ್ಟುಕೊಂಡರು. ನಾವು ಮಾತ್ರ ಉಸಿರಿಗೂ ಸಾಲ ಮಾಡಬೇಕು.

ರಾ., ಶಿವಮೊಗ್ಗ:

ಜಗಳದ ನಡುವೆ ಒಂದು ಸಲಹೆ. ಚಿತ್ರದಲ್ಲಿ ಸೋಪಿನ ಗುಳ್ಳೆ ಇದೆ ಅಂದ್ರಲ್ಲ. ‘ನೀರ ಮೇಲಣ ಗುಳ್ಳೆ’ ಅನ್ನೋ ದಾಸರ ಮಾತು ಎಲ್ಲರ ನಾಲಿಗೆ ಮೇಲಿದೆ. ವಚನದಲ್ಲೂ ‘ನೀರ ಬೊಬ್ಬುಳಿಕೆ’ ಬರುತ್ತೆ. ನೋಡುವವರಿಗೆ ತಟ್ಟನೆ ಹಿಡಿಯುತ್ತೆ. ಅದನ್ನೇ ಹಾಕಬಾರದೇಕೆ?

ಜೆ., ಮಂಗಳೂರು:

ರಾ. ಅವರೇ, ಚಿತ್ರದ ಗುಳ್ಳೆಗೆ ಅದು ಹೇಳಿ ಮಾಡಿಸಿದ ಮಾತು. ಮನುಷ್ಯ ಒಂದು ಗುಳ್ಳೆ ಅನ್ನೋದು ಲ್ಯಾಟಿನ್ ಗಾದೆ, ಆ ಕಾಲದ ಚಿತ್ರಕಾರರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಗುಳ್ಳೆ ಬಂದದ್ದು ಆ ಗಾದೆಯಿಂದ, ಚೀಟಿ ಬಂದದ್ದು ಪ್ರಸಂಗಿಯಿಂದ. ಎರಡನ್ನೂ ಒಂದೇ ಮಾಡಿದರೆ ಚೀಟಿಯಲ್ಲಿ ಇಲ್ಲದ್ದನ್ನು ಓದಿಸಿದ ಹಾಗಾಗುತ್ತೆ.

ಕೆ.ಎಸ್. ಸರ್, ಅಪ್ಲು ಇರಬಹುದು. ಹೆಸರು ಎಲ್ಲಿಂದಲೇ ಬರಲಿ, ಹೀಬ್ರೂ ಓದುವವರ ಕಿವಿಗೆ ಉಸಿರೇ ಕೇಳಿಸುತ್ತೆ. ನಾನು ಹೇಳಿದ್ದು ಅಷ್ಟೇ.

ಬ. ಅವರ ಸಾಲದ ಮಾತಿಗೆ ಪ್ರಸಂಗಿಯೇ ಉತ್ತರ ಕೊಡುತ್ತಾನೆ. 2:5ರಲ್ಲಿ ‘ತೋಟಗಳನ್ನು ಮಾಡಿದೆ’ ಅನ್ನುವಾಗ ಬಳಸುವ ಪದ ‘ಪರ್ದೇಸ್’, ಹಳೆಯ ಪರ್ಷಿಯನ್ನಿನದು. 8:11ರಲ್ಲಿ ತೀರ್ಪಿಗೆ ‘ಪಿತ್ಗಾಮ್’ ಅನ್ನುತ್ತಾನೆ, ಅದೂ ಪರ್ಷಿಯನ್. ಪುಸ್ತಕ ವಾಡಿಕೆಯಲ್ಲಿ ಹೇಳುವಂತೆ ಸೊಲೊಮೋನನ ಕಾಲದ್ದಲ್ಲ, ಪರ್ಷಿಯನ್ನರು ಬಂದ ಮೇಲಿನದು ಅಂತ ವಿದ್ವಾಂಸರು ಹೇಳುವುದಕ್ಕೆ ಈ ಎರಡು ಪದವೂ ಒಂದು ಕಾರಣ. ಆ ಪರ್ದೇಸ್ ಗ್ರೀಕಿಗೆ ಹೋದ ಪರ್ಷಿಯನ್ ಪದದ್ದೇ ಒಡಹುಟ್ಟು, ಗ್ರೀಕಿನಿಂದ ನಮ್ಮ ಬೈಬಲಿಗೆ ‘ಪರದೈಸು’ (ಸ್ವರ್ಗ) ಅಂತ ಬಂತು. ಶಿಲುಬೆಯ ಮೇಲೆ ಯೇಸು ಕಳ್ಳನಿಗೆ ಹೇಳುವ ಮಾತಿನಲ್ಲಿದೆ. ಅದನ್ನು ತೆಗೆದು ‘ತೋಟ’ ಹಾಕೋಣ್ವಾ?

ಈಗ ವೀ. ಅವರ ಕೆಲಸಕ್ಕೆ. ನಾನು ಇಷ್ಟು ಹೊತ್ತು ‘ವ್ಯರ್ಥ’ವನ್ನು ಬೈದೆ. ಆದರೂ ನಿಮ್ಮ ಫಲಕಕ್ಕೆ ‘ವ್ಯರ್ಥ’ವೇ ಸರಿ. ಯಾಕೆ ಅಂದ್ರೆ ನೀವು ಅನುವಾದ ಮಾಡುತ್ತಿರುವುದು ಪ್ರಸಂಗಿಯನ್ನಲ್ಲ, ಬೈಲಿ ಬರೆದ ಲ್ಯಾಟಿನ್ ಚೀಟಿಯನ್ನು. ಹೀಬ್ರೂವಿನಿಂದ ಗ್ರೀಕಿಗೆ ತಂದ ಎಪ್ಪತ್ತು ಮಂದಿಯ ಅನುವಾದವೇ ‘ಮತಾಯೊತೇಸ್’ ಅಂತ ಹಾಕಿ ಉಸಿರನ್ನು ತೀರ್ಪಾಗಿ ಮಾಡಿಬಿಟ್ಟಿತ್ತು. ನಾಲ್ಕನೇ ಶತಮಾನದ ಕೊನೆಯಲ್ಲಿ, ಬೈಬಲನ್ನು ಲ್ಯಾಟಿನ್ನಿಗೆ ತಂದ ಜೆರೋಮ್ ತನ್ನ ಪ್ರಸಂಗಿ ವ್ಯಾಖ್ಯಾನದಲ್ಲಿ ಇದನ್ನು ಸ್ಪಷ್ಟವಾಗಿ ಬರೆದಿದ್ದಾನೆ: ಆ ಎಪ್ಪತ್ತು ಮಂದಿಯನ್ನು ಬಿಟ್ಟು ಉಳಿದ ಗ್ರೀಕ್ ಅನುವಾದಕರೆಲ್ಲ ಆವಿ ಅಂತಲೇ ಹಾಕಿದ್ದಾರೆ; ನಾವು ಅದನ್ನು ಹೊಗೆಯ ಆವಿ, ಬೇಗ ಕರಗುವ ತೆಳುಗಾಳಿ ಅನ್ನಬಹುದು ಅಂತ. ಅಷ್ಟು ಗೊತ್ತಿದ್ದೂ ಲ್ಯಾಟಿನ್ನಿಗೆ ‘ವಾನಿಟಾಸ್’ ಅಂತಲೇ ಇಟ್ಟ. ವಾನುಸ್ ಅಂದ್ರೆ ಬರಿದು. ಸಾವಿರದ ಇನ್ನೂರು ವರ್ಷಕ್ಕೂ ಮೀರಿ ಯುರೋಪಿನ ಚರ್ಚುಗಳಲ್ಲಿ ಓದಿದ್ದು ಆ ‘ಬರಿದು’ವನ್ನೇ. ಬೈಲಿಯ ತಲೆಬುರುಡೆ ಅದರ ಮಗ್ಗುಲಲ್ಲೇ ಕೂತಿದೆ. ಆ ಚೀಟಿಯ ಮೇಲೆ ‘ಉಸಿರು’ ಅಂತ ಬರೆದರೆ ಚಿತ್ರಕಾರನ ಬಾಯಿಗೆ ಅವನದ್ದಲ್ಲದ ಮಾತು ಇಟ್ಟ ಹಾಗೆ.

ಒಂದು ಸಣ್ಣ ವಿಷಯ. ‘ಹವೆಲ್ ಹವಾಲೀಮ್’, ಹೆವೆಲ್‌ಗಳ ಹೆವೆಲ್, ಅನ್ನೋದು ಹೀಬ್ರೂವಿನಲ್ಲಿ ‘ಎಲ್ಲಕ್ಕಿಂತ ಮಿಗಿಲು’ ಅನ್ನುವ ರೀತಿ. ‘ಹಾಡುಗಳ ಹಾಡು’ ಅಂತ ಇರುವುದನ್ನು ಕನ್ನಡದಲ್ಲಿ ‘ಪರಮಗೀತ’ ಅಂದ್ರು. ಇಲ್ಲಿ ‘ವ್ಯರ್ಥಗಳ ವ್ಯರ್ಥ’ ಅನ್ನದೆ ‘ವ್ಯರ್ಥವೇ ವ್ಯರ್ಥ’ ಅಂದ್ರು. ಪದ ಸಂಸ್ಕೃತದ್ದಾದರೂ ಆ ‘ಏ’ಕಾರ, ಆ ಎರಡು ಸಲ ಹೇಳುವ ಕ್ರಮ ಅಪ್ಪಟ ಕನ್ನಡ. 1831ರಲ್ಲಿ ಬಳ್ಳಾರಿಯಲ್ಲಿ ಪೂರ್ತಿ ಬೈಬಲ್ ಕನ್ನಡದಲ್ಲಿ ಅಚ್ಚಾದ ಮೇಲೆ ಎಷ್ಟೋ ಸಲ ತಿದ್ದುಪಡಿ ಆಗಿದೆ. ತಿದ್ದಿದವರಿಗೆ ಕನ್ನಡದ ಕಿವಿ ಇರಲಿಲ್ಲ ಅಂತ ಯಾರೂ ಹೇಳಬೇಡಿ.

ಬ., ಹಾಸನ:

ಎರಡು ಸಾಲದ ಪದ ತೋರಿಸಿ ಇಡೀ ಸಾಲವನ್ನು ಸರಿ ಅನ್ನೋದು ಯಾವ ನ್ಯಾಯ? ತೋಟ ಅವರಲ್ಲಿ ಹಾಗೆ ಇರಲಿಲ್ಲ, ಅರಸರ ತೋಟ ಪರ್ಷಿಯದಿಂದ ಬಂತು, ಪದವೂ ಬಂತು. ನಿಮ್ಮದೇ ನವಿಲಿನ ವಾದ. ‘ಬರಿದು’ ನಮ್ಮಲ್ಲಿ ಇರಲಿಲ್ವಾ? ‘ಬರಿದೇ ಬರಿದು, ಎಲ್ಲವೂ ಬರಿದು’. ವಾನುಸ್‌ಗೆ ಬರಿದು ಅಂತ ಅರ್ಥ ಕೊಟ್ಟವರು ನೀವೇ.

ಜೆ., ಮಂಗಳೂರು:

ಇದಕ್ಕೆ ನನ್ನ ಬಳಿ ಉತ್ತರ ಇಲ್ಲ. ಲ್ಯಾಟಿನ್ನಿಗೆ ‘ಬರಿದು’ ನಿಜಕ್ಕೂ ಹತ್ತಿರ. ‘ಬರಿದೇ’ ಅಂದ್ರೆ ‘ಸುಮ್ಮನೆ’ ಅಂತ ಯಾರಾದರೂ ಓದಿಕೊಂಡಾರು, ಅದೊಂದೇ ಭಯ.

ಕೆ.ಎಸ್., ಮೈಸೂರು:

ಓದಿಕೊಳ್ಳುತ್ತಾರೆ.

ವೀ., ಧಾರವಾಡ:

ಎಲ್ಲರಿಗೂ ಧನ್ಯವಾದ. ಪ್ರಿಂಟಿನವರು ಇನ್ನು ಕಾಯಲ್ಲ ಅಂದ್ರು, ಹೀಗೆ ಕಳಿಸುತ್ತಿದ್ದೇನೆ:

“‘ವ್ಯರ್ಥವೇ ವ್ಯರ್ಥ, ಎಲ್ಲವೂ ವ್ಯರ್ಥ’ (ಬೈಬಲ್, ಪ್ರಸಂಗಿ 1:2). ಮೂಲ ಹೀಬ್ರೂ ಪದ ಹೆವೆಲ್: ಬಾಯ ಉಸಿರು, ಹಬೆ. ಕಾಣುತ್ತದೆ, ಹಿಡಿಯಲು ಸಿಗದು.”

ಬ. ಸರ್, ನಿಮ್ಮ ಹಬೆ ಒಳಗೆ ಬಂದಿದೆ. ರಾ. ಅವರ ಗುಳ್ಳೆಯನ್ನು ಮಕ್ಕಳು ಬಾಯಲ್ಲಿ ವಿವರಿಸುವಾಗ ಹೇಳಿಸುತ್ತೇನೆ.

ಕೆ.ಎಸ್., ಮೈಸೂರು:

ಬೈಬಲಿನಲ್ಲಿ ‘ಸಮಸ್ತವೂ’ ಇದೆ. ನೀವು ‘ಎಲ್ಲವೂ’ ಮಾಡಿದ್ದೀರಿ. ಒಂದೋ ಪದ ಸರಿಮಾಡಿ, ಇಲ್ಲ ಉದ್ಧರಣ ಚಿಹ್ನೆ ತೆಗೆಯಿರಿ.

ಬ., ಹಾಸನ:

ಚಿಹ್ನೆ ತೆಗೆಯಿರಿ. ‘ಎಲ್ಲವೂ’ ಇರಲಿ.