ಅಪ್ಪ ಜೊತೆಗಿಲ್ಲದ ಮಕ್ಕಳು ದಾರಿ ತಪ್ಪುತ್ತಾರೆ ಅನ್ನುವುದು ನಿಜಾನಾ?

ಪ್ರಶ್ನೆ:
ನನ್ನ ಮಗನಿಗೆ ಏಳು ವರ್ಷ. ಅವನ ಅಪ್ಪ ಬಿಟ್ಟು ಹೋಗಿ ಎರಡು ವರ್ಷವಾಯಿತು, ಒಂದು ಫೋನ್ ಕೂಡ ಇಲ್ಲ. ಮೊನ್ನೆ ಶಾಲೆಯಲ್ಲಿ ಮನೆಯವರ ಚಿತ್ರ ಬಿಡಿಸಲು ಹೇಳಿದ್ದರು. ಇವನು ಮೂರು ಜನರನ್ನು ಬಿಡಿಸಿ ಒಬ್ಬರ ಮುಖ ಮಾತ್ರ ಖಾಲಿ ಬಿಟ್ಟಿದ್ದ. ನೋಡಿ ಕರುಳು ಕಿತ್ತು ಬಂತು. ಇಂಥ ಮಕ್ಕಳು ಹಾಳಾಗುತ್ತಾರೆ ಅಂತ ಎಲ್ಲರೂ ಹೆದರಿಸುತ್ತಾರೆ.

ಉತ್ತರ 1:
ಅಕ್ಕ, ಅಷ್ಟು ಸುಲಭವಾಗಿ ಹಾಗೆ ಹೇಳಲು ಆಗುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಸಾರಾ ಮೆಕ್‌ಲನಹನ್ ಮತ್ತು ಗ್ಯಾರಿ ಸ್ಯಾಂಡಿಫರ್ 1994ರಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಇಂಥ ಮಕ್ಕಳು ಓದು ಅರ್ಧಕ್ಕೆ ಬಿಡುವುದು ಜಾಸ್ತಿ ಅನ್ನುವುದು ಅವರಿಗೆ ಕಂಡಿತ್ತು. ಆದರೆ ಆ ವ್ಯತ್ಯಾಸದಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಕಡಿಮೆ ಆದಾಯ ಅಂತಲೂ ಅವರೇ ಹೇಳಿದರು. ಅಂದರೆ ದುಡ್ಡಿನ ಕಷ್ಟ, ಪದೇ ಪದೇ ಮನೆ ಬದಲಾಯಿಸುವುದು, ದುಡಿದು ಸುಸ್ತಾದ ಅಮ್ಮನಿಗೆ ಸಮಯ ಸಿಗದಿರುವುದು, ಇವೂ ಸೇರಿ ಮಗುವನ್ನು ಕಾಡುತ್ತವೆ. ಅದನ್ನು ಬಿಟ್ಟು ಸುಮ್ನೆ ಅಮ್ಮನ ಕಡೆ ಬೆರಳು ತೋರಿಸುತ್ತಾರಲ್ಲ, ಅದು ನನಗೆ ತುಂಬಾ ಸಿಟ್ಟು ತರಿಸುತ್ತದೆ.

ಉತ್ತರ 2:
ನಾನೂ ಹಾಗೇ ಬೆಳೆದವಳು. ನಮ್ಮ ಮನೆಯಲ್ಲಿ ಅಪ್ಪನ ಮಾತೇ ಎತ್ತುವಂತಿರಲಿಲ್ಲ. ನಾನು ಹಟ ಮಾಡಿದ್ದಕ್ಕೇ ಅವರು ಹೋದರು ಅಂತ ಎಷ್ಟೋ ವರ್ಷ ನಂಬಿದ್ದೆ. ಸಣ್ಣ ಮಕ್ಕಳು ತಪ್ಪನ್ನು ತಮ್ಮ ಮೇಲೇ ಹಾಕಿಕೊಳ್ಳುತ್ತಾರೆ. ಅವನಿಗೆ ಬಾಯಿಬಿಟ್ಟು ಹೇಳಿ, ಇದು ನಿನ್ನಿಂದ ಆಗಿದ್ದಲ್ಲ ಅಂತ. ಒಂದು ಸಲ ಸಾಲದು.

ಪ್ರಶ್ನೆ ಕೇಳಿದವರು:
ಅವನು ಹಾಗೆ ಅಂದುಕೊಂಡಿರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಇವತ್ತು ರಾತ್ರಿ ಮಲಗುವಾಗ ಮಾತಾಡುತ್ತೇನೆ.