ದೋಣಿಯ ಅಡಿಯಲ್ಲಿ ಕಟಕಟ: ಗೇರ್‌ಬಾಕ್ಸ್ ಬದಲಿಸಬೇಕೇ?

ಪ್ರಶ್ನೆ (ಮೇರಿಲ್ಯಾಂಡ್‌ನ ಅನಾಪೊಲಿಸ್‌ನಿಂದ):

ನಮಸ್ಕಾರ ಸರ್. ಹೋದ ವರ್ಷ 30 ಅಡಿಯ ಹಳೆಯ ಹಾಯಿದೋಣಿಯೊಂದನ್ನು ಕೊಂಡೆ. ಫೈಬರ್‌ಗ್ಲಾಸ್ ದೋಣಿ, ಎರಡು ಸಿಲಿಂಡರಿನ ಡೀಸೆಲ್ ಎಂಜಿನ್, ಮಡಚಿಕೊಳ್ಳದ ಮೂರೆಲೆಯ ಪ್ರೊಪೆಲ್ಲರ್. ಚಳಿಗಾಲದಲ್ಲಿ ದಡದ ಮೇಲಿದ್ದಾಗ ಎಂಜಿನ್ ಕೂರುವ ರಬ್ಬರ್ ಮೌಂಟುಗಳನ್ನು ಬದಲಿಸಿದೆವು. ಏಪ್ರಿಲ್‌ನಲ್ಲಿ ಚೆಸಪೀಕ್ ಕೊಲ್ಲಿಗೆ ಇಳಿಸಿದಂದಿನಿಂದ, ಎಂಜಿನ್ ಹಾಕಿ ಹೊರಟರೆ ಕಾಲಡಿಯಲ್ಲಿ ಕಟಕಟ ಸದ್ದು. ವೇಗ ಹೆಚ್ಚಿಸಿದರೆ ಅದೇ ಗಡಗಡವಾಗುತ್ತದೆ. ಎಂಜಿನ್ ಆರಿಸಿ ಬರೀ ಹಾಯಿಯಲ್ಲಿ ಸಾಗುವಾಗಲೂ 5 ನಾಟ್ ದಾಟಿದರೆ ಗುಂಯ್ ಎನ್ನುತ್ತದೆ. ಸಾಲದ್ದಕ್ಕೆ ರಾತ್ರಿ ಲಂಗರು ಹಾಕಿ ಮಲಗಿದರೆ ಅಡಿಯಿಂದ ಯಾರೋ ಕೊಂಬು ಊದಿದಂತೆ ಕೇಳಿಸುತ್ತದೆ! ಇಲ್ಲಿನ ರಿಪೇರಿಯವರೊಬ್ಬರು ಹತ್ತು ನಿಮಿಷ ಕಿವಿಗೊಟ್ಟು, ಗೇರ್‌ಬಾಕ್ಸ್ ಹೋಗಿದೆ ಎಂದರು. ನಿಜವಿರಬಹುದೇ?

ಉತ್ತರ:

ಕೊಂಬಿನ ವಿಷಯ ಮೊದಲು ಮುಗಿಸೋಣ, ಅದು ನಿಮ್ಮ ದೋಣಿಯದಲ್ಲ. ಚೆಸಪೀಕ್‌ನಲ್ಲಿ ಟೋಡ್‌ಫಿಶ್ ಎಂಬ ಕಪ್ಪೆಮುಖದ ಮೀನಿದೆ. ಬೇಸಿಗೆ ಹತ್ತಿರವಾದಂತೆ ಗಂಡು ಮೀನು ಗೂಡು ಹಿಡಿದು ಕುಳಿತು, ಗಾಳಿಚೀಲದ ಸ್ನಾಯುಗಳನ್ನು ಸೆಕೆಂಡಿಗೆ 200 ಬಾರಿಯವರೆಗೂ ಅದುರಿಸಿ ಹೆಣ್ಣನ್ನು ಕರೆಯುತ್ತದೆ. ದೋಣಿಯ ತಳ ತಮಟೆಯ ಚರ್ಮದಂತೆ ಅದನ್ನು ನಿಮ್ಮ ಹಾಸಿಗೆಗೆ ತಲುಪಿಸುತ್ತದೆ. ನೆಮ್ಮದಿಯಿಂದ ಮಲಗಿ.

ಉಳಿದ ಎರಡು ಸದ್ದುಗಳ ಬಗ್ಗೆ ಈಗಲೇ ತೀರ್ಪು ಕೊಡಲಾರೆ. ನಾನು ಮಲ್ಪೆಯವನು, ತಂದೆ ಟ್ರಾಲ್ ಬೋಟುಗಳ ಎಂಜಿನ್ ನೋಡುತ್ತಿದ್ದರು. ನೀರಿನ ಸದ್ದನ್ನು ‘ಎಲ್ಲಿಂದ’ ಎಂದು ಕೇಳಬೇಡ, ‘ಯಾವಾಗ’ ಎಂದು ಕೇಳು ಎನ್ನುತ್ತಿದ್ದರು. ಅದಕ್ಕೆ ಕಾರಣವನ್ನು ನಾನು ಆಮೇಲೆ ಕಾಲೇಜಿನಲ್ಲಿ ಕಲಿತೆ. ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದರ ನಾಲ್ಕು ಪಟ್ಟಿಗೂ ಹೆಚ್ಚು. ಅದು ಇಡೀ ತಳವನ್ನು ಒಮ್ಮೆಗೇ ಅದುರಿಸುವುದರಿಂದ ದಿಕ್ಕು ತಿಳಿಯುವುದೇ ಇಲ್ಲ. ಹಿಂದಿನ ತುದಿಯ ಸದ್ದು ಗೇರ್‌ಬಾಕ್ಸಿನಲ್ಲೇ ಹುಟ್ಟಿದಂತೆ ಕೇಳಿಸಬಹುದು.

ಆದ್ದರಿಂದ ಒಂದಿಷ್ಟು ಕೆಲಸ ಹೇಳುತ್ತೇನೆ. ದೋಣಿ ಕಟ್ಟಿರುವಾಗಲೇ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ವೇಗ ಏರಿಸಿ ಕೇಳಿ. ಹಗ್ಗಗಳನ್ನು ಭದ್ರಪಡಿಸಿಕೊಂಡು, ಕಡಿಮೆ ವೇಗದಲ್ಲೇ ಮುಂದಕ್ಕೆ, ಹಿಂದಕ್ಕೆ ಹಾಕಿ ಕೇಳಿ. ಸಾಗುವಾಗ ಚುಕ್ಕಾಣಿ ತಿರುಗಿಸಿದರೆ ಸದ್ದು ಬದಲಾಗುತ್ತದೆಯೇ ನೋಡಿ. ಹಾಯಿಯಲ್ಲಿ ಗುಂಯ್ ಎನ್ನುವಾಗ, ಎಂಜಿನ್ ಆರಿಸಿರುವಂತೆಯೇ, ಒಂದೇ ನಿಮಿಷ ರಿವರ್ಸ್ ಗೇರಿಗೆ ಹಾಕಿ, ಪ್ರೊಪೆಲ್ಲರನ್ನು ತಿರುಗಿಸುವ ಉದ್ದ ಕಂಬಿಯಾದ ಶಾಫ್ಟನ್ನು ನಿಲ್ಲಿಸಿ ಕೇಳಿ. (ಹಾಗೆ ಗೇರಿನಲ್ಲಿಟ್ಟು ಸಾಗಬಾರದೆಂದು ಕೆಲವು ತಯಾರಕರು ಹೇಳುತ್ತಾರೆ. ಕೈಪಿಡಿ ನೋಡಿಕೊಳ್ಳಿ.) ಕೊನೆಗೆ, ಎಂಜಿನ್ 800 ಆರ್‌ಪಿಎಂನಲ್ಲಿ (ನಿಮಿಷಕ್ಕೆ 800 ಸುತ್ತು) ಓಡುವಾಗ ಕಟಕಟವನ್ನು ಮೊಬೈಲಿನಲ್ಲಿ ಮುದ್ರಿಸಿ, ಹತ್ತು ಸೆಕೆಂಡಿಗೆ ಎಷ್ಟು ಬಡಿತ ಎಂದು ಎಣಿಸಿ. ಗೇರ್‌ಬಾಕ್ಸ್ ಎಂಜಿನ್ನಿನ ಸುತ್ತನ್ನು ಶಾಫ್ಟಿಗೆ ಎಷ್ಟು ಪಟ್ಟು ತಗ್ಗಿಸುತ್ತದೆ ಎಂಬ ಅನುಪಾತ ಅದರ ಮೇಲಿನ ತಗಡಿನಲ್ಲಿ ಇರುತ್ತದೆ, ಅದನ್ನೂ ಬರೆಯಿರಿ.

ಪ್ರಶ್ನೆ ಕೇಳಿದವರು:

ನ್ಯೂಟ್ರಲ್‌ನಲ್ಲಿ ಎಷ್ಟು ಏರಿಸಿದರೂ ಸದ್ದಿಲ್ಲ. ಮುಂದಕ್ಕೆ ಹಾಕಿದರೆ ಇದೆ, ಹಿಂದಕ್ಕೆ ಇನ್ನೂ ಜೋರು. ಚುಕ್ಕಾಣಿಯಿಂದ ವ್ಯತ್ಯಾಸವಿಲ್ಲ. ಹಾಯಿಯಲ್ಲಿ ಶಾಫ್ಟ್ ನಿಲ್ಲಿಸಿದ ಕೂಡಲೇ ಗುಂಯ್ ನಿಂತಿತು! ಅನುಪಾತ 2.6. ಬಡಿತ ಹತ್ತು ಸೆಕೆಂಡಿಗೆ 51, ಇನ್ನೊಮ್ಮೆ ಎಣಿಸಿದಾಗ 52.

ಉತ್ತರ:

ಇಷ್ಟು ಅಚ್ಚುಕಟ್ಟಾಗಿ ಎಣಿಸುವವರು ಸಿಗುವುದು ಅಪರೂಪ. 800ನ್ನು 2.6ರಿಂದ ಭಾಗಿಸಿ: ಶಾಫ್ಟ್ ನಿಮಿಷಕ್ಕೆ ಸುಮಾರು 308 ಸುತ್ತು, ಹತ್ತು ಸೆಕೆಂಡಿಗೆ 51. ಅಂದರೆ ಶಾಫ್ಟಿನ ಒಂದು ಸುತ್ತಿಗೆ ಸರಿಯಾಗಿ ಒಂದು ಬಡಿತ. ಪ್ರೊಪೆಲ್ಲರಿನ ಎಲೆಗಳು ತಳದ ಹತ್ತಿರ ಹಾದುಹೋಗುವ ಸದ್ದಾಗಿದ್ದರೆ ಸುತ್ತಿಗೆ ಮೂರು ಇರಬೇಕಿತ್ತು, ಬೆರಳಿನಲ್ಲಿ ಎಣಿಸಲು ಆಗುತ್ತಿರಲಿಲ್ಲ. ಎಂಜಿನ್ನಿನ ಬಡಿತವಾಗಿದ್ದರೆ ನ್ಯೂಟ್ರಲ್‌ನಲ್ಲೂ ಕೇಳಿಸುತ್ತಿತ್ತು. ಶಾಫ್ಟಿನ ಜೊತೆ ತಿರುಗುವ ಯಾವುದೋ ಒಂದು ವಸ್ತು ತೊಂದರೆ ಕೊಡುತ್ತಿದೆ.

ಗೇರ್‌ಬಾಕ್ಸ್ ಇದರಿಂದ ಪೂರ್ತಿ ಪಾರಾಗಲಿಲ್ಲ, ಅದರ ಹಿಂಬದಿಯೂ ಶಾಫ್ಟಿನೊಂದಿಗೆ ತಿರುಗುತ್ತದೆ. ಉದ್ದದ ಸ್ಕ್ರೂಡ್ರೈವರ್ ತೆಗೆದುಕೊಂಡು ತುದಿಯನ್ನು ಗೇರ್‌ಬಾಕ್ಸಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಇಟ್ಟು ಕೇಳಿ. ಆಮೇಲೆ ಶಾಫ್ಟ್ ಹೊರಹೋಗುವ ಕೊಳವೆಗೆ ಇಟ್ಟು ಕೇಳಿ. ಅಂಗಿಯ ತೋಳು, ಉದ್ದ ಕೂದಲು, ಶಾಲು ಯಾವುದೂ ತಿರುಗುವ ಶಾಫ್ಟಿನ ಹತ್ತಿರ ಸುಳಿಯಬಾರದು.

ಇನ್ನೊಬ್ಬ ಸದಸ್ಯರು (ಉಡುಪಿಯಿಂದ):

ಫ್ಯಾನಿಗೆ, ಅಂದರೆ ಪ್ರೊಪೆಲ್ಲರಿಗೆ, ಹಗ್ಗ ಸುತ್ತಿರಬಹುದಲ್ಲವೇ? ನಮ್ಮಲ್ಲಿ ಮೊದಲು ನೋಡುವುದೇ ಅದನ್ನು. ಮುಳುಗಿ ನೋಡಿದರೆ ಐದು ನಿಮಿಷದ ಕೆಲಸ.

ಉತ್ತರ:

ಒಳ್ಳೆಯ ಊಹೆ. ನಮ್ಮಲ್ಲಿ ಬಲೆಯ ಹಗ್ಗ, ಚೆಸಪೀಕ್‌ನಲ್ಲಿ ನೀಲಿ ಏಡಿ ಹಿಡಿಯುವ ಪಂಜರಗಳ ಹಗ್ಗ. ಆದರೆ ಹಗ್ಗ ಸುತ್ತಿದ್ದರೆ ಎಂಜಿನ್ನಿಗೆ ಹೊರೆ ಬಿದ್ದು ವೇಗ ಏರುವುದಿಲ್ಲ, ಹೊಗೆ ಕಪ್ಪಾಗುತ್ತದೆ. ಅಂಥದ್ದನ್ನು ಅವರು ಹೇಳಿಲ್ಲ. ಮುಳುಗುವ ಮಾತಿಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ದೋಣಿಗಳಿಗೆ ದಡದ ವಿದ್ಯುತ್ ಕೊಟ್ಟಿರುವ ಕಟ್ಟೆಯ ಪಕ್ಕ ಎಂದೂ ನೀರಿಗಿಳಿಯಬಾರದು. ಸೋರುವ ಕರೆಂಟು, ಅದರಲ್ಲೂ ಸಿಹಿನೀರಿನಲ್ಲಿ, ಈಜುವವರ ಕೈಕಾಲು ಮರಗಟ್ಟಿಸಿ ಮುಳುಗಿಸುತ್ತದೆ. ಬೇರೆಡೆ ಇಳಿಯುವುದಾದರೂ ಎಂಜಿನ್ ಕೀಲಿ ಇಳಿಯುವವರ ಬಳಿಯೇ ಇರಲಿ. ಜುಲೈ ಬಂದರೆ ಕುಟುಕುವ ಲೋಳೆಮೀನುಗಳೂ ಸೇರಿಕೊಳ್ಳುತ್ತವೆ.

ಪ್ರಶ್ನೆ ಕೇಳಿದವರು:

ಗೇರ್‌ಬಾಕ್ಸಿನಲ್ಲಿ ಹೊಲಿಗೆ ಯಂತ್ರದಂತಹ ಸಣ್ಣ ಸದ್ದು ಮಾತ್ರ. ಹಿಂದಿನ ಕೊಳವೆಗೆ ಇಟ್ಟಾಗ ಬಡಿತ ಹಲ್ಲಿನವರೆಗೂ ಬಂತು.

ಉತ್ತರ:

ಹಾಗಿದ್ದರೆ ಗೇರ್‌ಬಾಕ್ಸಿಗೆ ಹಣ ಸುರಿಯಬೇಡಿ. ಕ್ರೇನಿನ ಪಟ್ಟಿಯಲ್ಲಿ ಒಂದು ಗಂಟೆ ದೋಣಿ ಎತ್ತಿಸಿ, ಎರಡು ಜಾಗ ನೋಡಿ. ಒಂದು, ಶಾಫ್ಟ್ ಹೊರಬರುವಲ್ಲಿನ ಕಟ್‌ಲೆಸ್ ಬೇರಿಂಗ್. ಅದಕ್ಕೆ ಗ್ರೀಸ್ ಇಲ್ಲ, ಒಳಗಿನ ರಬ್ಬರಿಗೆ ನೀರೇ ಎಣ್ಣೆ. ಪ್ರೊಪೆಲ್ಲರನ್ನು ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ, ಟಕ್ ಎಂದು ಬಡಿದರೆ ಸವೆದಿದೆ. ಎರಡು, ಶಾಫ್ಟಿಗೆ ಕೊರಳಪಟ್ಟಿಯಂತೆ ಬಿಗಿದಿರುವ ಆನೋಡ್. ತುಕ್ಕಿನ ಪಾಲನ್ನು ತಾನೇ ಉಂಡು ಕರಗಲೆಂದೇ ಹಾಕುವ ಲೋಹ ಅದು. ಕರಗಿದಂತೆ ಸಡಿಲವಾಗಿ, ಸುತ್ತಿಗೊಮ್ಮೆ ಹೊರಳಿ ಬಡಿಯುತ್ತದೆ.

ಪ್ರಶ್ನೆ ಕೇಳಿದವರು (ಎಂಟು ದಿನದ ನಂತರ):

ಆನೋಡೇ ಸರ್! ಅರ್ಧ ಕರಗಿ, ಒಂದು ಬೋಲ್ಟ್ ಬಿದ್ದುಹೋಗಿ, ಕೈಯಲ್ಲಿ ಬಳೆಯಂತೆ ತಿರುಗುತ್ತಿತ್ತು. ಬೇರಿಂಗಿನಲ್ಲೂ ಸ್ವಲ್ಪ ಆಟವಿದೆ. ಸದ್ಯಕ್ಕೆ ಹೊಸ ಆನೋಡ್ ಹಾಕಿ ಇಳಿಸಿದೆ. ಕಟಕಟ ಹೋಯಿತು, ಗುಂಯ್ ಸಣ್ಣದಾಗಿ ಉಳಿದಿದೆ.

ಉತ್ತರ:

ಆ ಉಳಿದದ್ದು ಬೇರಿಂಗಿನದು, ಮತ್ತು ಅದನ್ನು ಸವೆಸುತ್ತಿರುವುದು ಬಹುಶಃ ನಿಮ್ಮ ಹೊಸ ಮೌಂಟುಗಳು. ದಡದಲ್ಲಿ ಎಂಜಿನ್ನನ್ನೂ ಶಾಫ್ಟನ್ನೂ ಒಂದೇ ಗೆರೆಗೆ ತಂದಿರುತ್ತಾರೆ, ನೀರಿಗಿಳಿದ ಮೇಲೆ ದೋಣಿಯ ಮೈ ತುಸು ಬಾಗಿ ಗೆರೆ ತಪ್ಪುತ್ತದೆ. ನೀರಿನಲ್ಲಿ ಒಂದೆರಡು ದಿನ ಕುಳಿತ ಮೇಲೆ ಗೇರ್‌ಬಾಕ್ಸನ್ನೂ ಶಾಫ್ಟನ್ನೂ ಜೋಡಿಸುವ ಕಪ್ಲಿಂಗ್ ಬಿಚ್ಚಿ, ಅದರ ಎರಡು ಮುಖಗಳ ನಡುವಿನ ಸಂದನ್ನು ಸುತ್ತಲೂ ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಲೋಹದ ಪಟ್ಟಿಗಳು) ಅಳೆಯಿಸಿ. 4 ಇಂಚಿನ ಕಪ್ಲಿಂಗಿಗೆ ವ್ಯತ್ಯಾಸ ಇಂಚಿನ ಸಾವಿರ ಭಾಗಗಳಲ್ಲಿ ನಾಲ್ಕು, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ ಮೀರಬಾರದು. ಅದನ್ನು ಸರಿಪಡಿಸದೆ ಹೊಸ ಬೇರಿಂಗ್ ಹಾಕಿದರೆ ಅದೂ ಬೇಗ ಸವೆಯುತ್ತದೆ.

ಒಂದು ಅನುಮಾನ: ಹೊಸ ಆನೋಡ್ ಸತುವಿನದೇ, ಅಲ್ಯೂಮಿನಿಯಮ್ಮಿನದೇ? ಅನಾಪೊಲಿಸ್ ಕಡೆಯ ನೀರು ಅರೆ ಉಪ್ಪು. ಅಲ್ಲಿ ಸತುವಿನ ಮೇಲೆ ಪೊರೆ ಕಟ್ಟಿ ಅದು ಕೆಲಸ ನಿಲ್ಲಿಸಬಹುದು, ಅಲ್ಯೂಮಿನಿಯಮ್ ವಾಸಿ. ಮುಂದಿನ ಬಾರಿ ಎತ್ತಿದಾಗ ಬೋಲ್ಟ್ ಬಿಗಿದು, ಸುತ್ತಿಗೆಯಿಂದ ನಾಲ್ಕು ಕಡೆ ಮೆಲ್ಲಗೆ ತಟ್ಟಿ, ಮತ್ತೆ ಬಿಗಿಯಿರಿ. ತಟ್ಟಿದ ಮೇಲೆ ಅರ್ಧ ಸುತ್ತಾದರೂ ಹಿಡಿಯುತ್ತದೆ.